ಕೂಸಪ್ಪನ ಗೋಬಿಗೆ ಬೆಳ್ಳುಳ್ಳಿ

ಅಕ್ಷರ ಓರೆಕೋರೆಯಾಗಿದೆ, ಮಾತುಗಳೂ ಅಷ್ಟೇನೂ ಚಂದವಿಲ್ಲ, ಓದುವವರು ಸುಧಾರಿಸಿಕೊಳ್ಳಬೇಕು. ಬೆಳ್ಳುಳ್ಳಿಯ ವಿಷಯ ಮಾತ್ರ ನಡೆದದ್ದು ನಡೆದ ಹಾಗೆಯೇ ಇದೆ.

ಅಜ್ಜಿ: ಬೆಳ್ಳುಳ್ಳಿ ಇಲ್ಲ ಅಂತ ಹೇಳಿದೆನಲ್ಲ.

ಮೋಕ್ಷಿತಾ: ಉಂಟು ಅಜ್ಜಿ.

ಅಜ್ಜಿ: ಇಲ್ಲ.

ಮೋಕ್ಷಿತಾ: ಪ್ರತಿ ಶನಿವಾರ ಶಾಲೆ ಬಿಟ್ಟು ತಿಂದವಳು ನಾನು. ಹಲ್ಲಿನ ಎಡೆಯಲ್ಲಿ ಬೆಳ್ಳುಳ್ಳಿ ಸಿಕ್ಕಿದರೆ ಭಾನುವಾರದವರೆಗೆ ಅಲ್ಲೇ ಇರ್ತಿತ್ತು.

ಅಜ್ಜಿ: ಅದು ಶುಂಠಿ.

ಮೋಕ್ಷಿತಾ: ನೀವು ತಿಂದಿದ್ದೀರಾ?

ಅಜ್ಜಿ: ಬೀದಿಯ ಕಸವನ್ನು ನಾನ್ಯಾಕೆ ತಿನ್ನಲಿ? ಬಸ್ಸಿಗೆ ನಿಂತಾಗ ವಾಸನೆ ಬರ್ತಿತ್ತು.

ಅಜ್ಜಿಯ ಹೆಸರು ಅಮ್ಮಣ್ಣಿ. ಅಡುಗೆಮನೆಯ ಬಾಗಿಲಲ್ಲಿ ಕಾಲು ಚಾಚಿ ಕುಳಿತು ಮೊರದಲ್ಲಿ ಬೀಡಿ ಎಲೆ ಕತ್ತರಿಸುತ್ತಿದ್ದರು. ಒಲೆಯ ಮುಂದೆ ಮೊಮ್ಮಗಳು ಮೋಕ್ಷಿತಾ. ಗುರುವಾಯನಕೆರೆಯ ಜಂಕ್ಷನ್ನಿನಲ್ಲಿ ಕೂಸಪ್ಪ ಎಂಬವರ ಗೋಬಿ ಮಂಚೂರಿಯ ಗಾಡಿ ಇತ್ತು. ಮಂಡಿಯ ನೋವಿನಿಂದ ನಿಲ್ಲಲಾಗದೆ ದೀಪಾವಳಿಗೆ ಅವರು ಗಾಡಿ ನಿಲ್ಲಿಸಿದರು. ಆ ಮೇಲೆ ಜಂಕ್ಷನ್ನಿನಲ್ಲಿ ಬೇರೆ ಗಾಡಿಗಳು ಬಂದವು, ಆದರೆ ತಿಂದವರೆಲ್ಲ ಪ್ಲೇಟು ಕೆಳಗಿಟ್ಟು ಕೂಸಪ್ಪನ ಗೋಬಿಯನ್ನೇ ನೆನೆಯುತ್ತಿದ್ದರು. ತನ್ನ ಗೋಬಿಯ ಹಾಗೆಯೇ ಮಾಡುವವರು ಸಿಕ್ಕಿದರೆ ಗಾಡಿಯನ್ನು ಅವರ ಕೈಗೇ ಒಪ್ಪಿಸುತ್ತೇನೆ ಎಂದು ಕೂಸಪ್ಪ ಹೇಳಿಟ್ಟಿದ್ದರು. ಮೋಕ್ಷಿತಾಳ ಗೋಬಿಯನ್ನು ಪರೀಕ್ಷಿಸಲು ಅವರು ಈ ಸಂಜೆಯ ಬಸ್ಸಿಗೆ ಅಳದಂಗಡಿಯ ಇವರ ಮನೆಗೆ ಬರುವವರಿದ್ದರು.

ಮೋಕ್ಷಿತಾ ಕಾಲೇಜನ್ನು ಅರ್ಧಕ್ಕೆ ಬಿಟ್ಟವಳು. ಯಾಕೆಂದು ಕೇಳಿದರೆ ನೆಲ ನೋಡುತ್ತಾಳೆ. ಆದ್ದರಿಂದ ಈಗ ಯಾರೂ ಕೇಳುವುದಿಲ್ಲ. ಅವಳ ಅಮ್ಮ ಪದ್ಮಾಕ್ಷಿ ಗೇರುಬೀಜದ ಕಾರ್ಖಾನೆಗೆ ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಲೇ ತೀರ್ಪು ಕೊಟ್ಟಿದ್ದರು: ಕೂಸಪ್ಪ ಒಪ್ಪಿದರೆ ಗಾಡಿ, ಒಪ್ಪದಿದ್ದರೆ ಸೋಮವಾರದಿಂದ ಬೆಳ್ತಂಗಡಿಯಲ್ಲಿ ಹೊಲಿಗೆ ಕ್ಲಾಸು.

ಅಜ್ಜಿ: ಹೊಲಿಗೆಗೆ ಏನಾಗಿದೆ? ನೆರಳಿನಲ್ಲಿ ಕೂತು ಮಾಡುವ ಕೆಲಸ.

ಮೋಕ್ಷಿತಾ: ಅಳತೆ ತೆಗೀಬೇಕಲ್ಲ. ಗುರುತಿಲ್ಲದವರ ಹತ್ತಿರ ಹೋಗಿ ಕೈ ಎತ್ತಿ ಅಂತ ಹೇಳಬೇಕು.

ಅಜ್ಜಿ: ಗಾಡಿಯಲ್ಲಿ ಮಾತಾಡಲಿಕ್ಕೆ ಇಲ್ವಾ?

ಮೋಕ್ಷಿತಾ: ಹಾಫಾ ಫುಲ್ಲಾ ಅಂತ ಕೇಳಿದರೆ ಆಯ್ತು. ಅದನ್ನು ಬೋರ್ಡಿನಲ್ಲಿ ಬರೆದು ಹಾಕಿದರೆ ಕೇಳುವುದೂ ಬೇಡ.

ಅಜ್ಜಿ: ನಿನ್ನ ಅಕ್ಷರ ಯಾರಿಗೆ ಓದಲಿಕ್ಕೆ ಆಗ್ತದೆ ಮಾರಾಯ್ತಿ?

ಮೋಕ್ಷಿತಾ ಒಲೆಯ ಕಡೆ ತಿರುಗಿದಳು. ಹೂಕೋಸಿನ ತುಂಡುಗಳನ್ನು ಒಂದೊಂದಾಗಿ ಎತ್ತಿ, ಹುಳ ಇಲ್ಲವೆಂದು ಎರಡೂ ಬದಿ ನೋಡಿ, ಹಿಟ್ಟಿನಲ್ಲಿ ಮುಳುಗಿಸಿ ಎಣ್ಣೆಗೆ ಬಿಟ್ಟಳು.

ಅಜ್ಜಿ: ಬಣ್ಣ ಸಾಲದು.

ಮೋಕ್ಷಿತಾ: ಆ ಕೆಂಪು ಪುಡಿ ಈಗ ಹಾಕಬಾರದಂತೆ. ಬ್ಯಾಡಗಿ ಮೆಣಸು ಅರೆದು ಹಾಕಿದ್ದೇನೆ.

ಅಜ್ಜಿ: ಮೆಣಸಿನ ಬಣ್ಣ ತೊಳೆದರೆ ಹೋಗ್ತದೆ. ಆ ಬಣ್ಣ ಮರುದಿನವೂ ಬೆರಳಿನಲ್ಲಿ ಇರ್ತಿತ್ತು.

ಮೋಕ್ಷಿತಾ: ಯಾರ ಬೆರಳಿನಲ್ಲಿ?

ಅಜ್ಜಿ: ತಿಂದವರ ಬೆರಳಿನಲ್ಲಿ. ಬಸ್ಸಿನಲ್ಲಿ ಕಂಬಿ ಹಿಡಿದಾಗ ಕಾಣ್ತದಲ್ಲ.

ಮೋಕ್ಷಿತಾ ಗೋಬಿಯನ್ನು ಎಣ್ಣೆಯಿಂದ ತೆಗೆದಳು. ಒಗ್ಗರಣೆಗೆ ದೊಡ್ಡ ಬಾಣಲೆ ಇಡುವಾಗ ನಿಟ್ಟುಸಿರು ಬಂತು.

ಮೋಕ್ಷಿತಾ: ಇಷ್ಟಕ್ಕೆ ಸಣ್ಣ ಬಾಣಲೆ ಸರಿಯಾಗ್ತಿತ್ತು.

ಅಜ್ಜಿ: ಅದನ್ನು ಗುಜರಿಯವ ಕೊಂಡುಹೋದ ಅಂತ ಎಷ್ಟು ಸಲ ಹೇಳುವುದು? ಹೊರಗೆ ತೊಳೆದು ಇಟ್ಟದ್ದು. ಎತ್ತಿ ಚೀಲಕ್ಕೆ ಹಾಕಿದ.

ಮೋಕ್ಷಿತಾ: ಬೆಳ್ಳುಳ್ಳಿ ಎಲ್ಲಿ? ಈಗ ಇಲ್ಲೇ ಹೆಚ್ಚಿ ಇಟ್ಟಿದ್ದೆ.

ಅಜ್ಜಿ: ಇವತ್ತು ಗುರುವಾರ. ನನಗೆ ಒಪ್ಪೊತ್ತು.

ಮೋಕ್ಷಿತಾ: ಒಪ್ಪೊತ್ತು ನಿಮಗಲ್ವಾ? ಮಧ್ಯಾಹ್ನ ನಮ್ಮ ಚಟ್ನಿಗೆ ನೀವೇ ಬೆಳ್ಳುಳ್ಳಿ ಗುದ್ದಿ ಹಾಕಿದಿರಿ.

ಅಜ್ಜಿ: ಅದು ಚಟ್ನಿ. ಚಟ್ನಿಯಲ್ಲಿ ಬೆಳ್ಳುಳ್ಳಿ ಉಂಟು. ಇದರಲ್ಲಿ ಇಲ್ಲ.

ಹೆಚ್ಚಿದ ಬೆಳ್ಳುಳ್ಳಿ ಬೀಡಿ ಎಲೆಯ ಅಡಿಯಲ್ಲಿ ಸಿಕ್ಕಿತು. ಮೋಕ್ಷಿತಾ ಯೋಚಿಸಿದಳು. ಅಜ್ಜಿ ಸುಳ್ಳು ಹೇಳುವಾಗ ಗಟ್ಟಿಯಾಗಿ ಹೇಳುತ್ತಾರೆ. ಇದನ್ನು ಮೆಲ್ಲಗೆ ಹೇಳುತ್ತಿದ್ದರು. ಅದೇ ಅವಳಿಗೆ ಹೆದರಿಕೆ. ಒಂದು ವೇಳೆ ತನ್ನ ನಾಲಿಗೆಯೇ ತಪ್ಪಿದ್ದರೆ ಸೋಮವಾರ ಅಳತೆಯ ಟೇಪು ಹಿಡಿಯಬೇಕು. ಕೊನೆಗೆ ಗೋಬಿಯನ್ನು ಎರಡು ಪಾಲು ಮಾಡಿದಳು. ಒಂದು ಪಾಲಿಗೆ ನೀರುಳ್ಳಿ, ಬೆಳ್ಳುಳ್ಳಿ ಹಾಕಿ ಸಾಸಿನಲ್ಲಿ ಮಗುಚಿ ಪ್ಲೇಟಿಗೆ ಸುರಿದಳು. ಇನ್ನೊಂದನ್ನು ಹಾಗೆಯೇ ಇಟ್ಟಳು.

ಅಂಗಳದಲ್ಲಿ ಕೆಮ್ಮು ಕೇಳಿಸಿತು. ಅಜ್ಜಿ ಮೊರ ಬಿಟ್ಟು ಎದ್ದರು.

ಅಜ್ಜಿ: ನಾನು ಹಿಂದೆ ಬಟ್ಟೆ ತೆಗೀಲಿಕ್ಕೆ ಹೋಗ್ತೇನೆ.

ಮೋಕ್ಷಿತಾ: ಇವತ್ತು ಬಟ್ಟೆ ಒಗೀಲೇ ಇಲ್ಲ.

ಅಷ್ಟರಲ್ಲಿ ಅಜ್ಜಿ ಹಿಂಬಾಗಿಲು ದಾಟಿಯಾಗಿತ್ತು. ಮಂಡಿ ನೋವೆಂದು ದೀಪಾವಳಿಯಿಂದ ಗುರುವಾಯನಕೆರೆಯ ಗುರುವಾರದ ಭಜನೆಗೂ ಹೋಗದವರು ಅಷ್ಟು ಬೇಗ ನಡೆದದ್ದನ್ನು ಮೋಕ್ಷಿತಾ ಈಚೆಗೆ ನೋಡಿರಲಿಲ್ಲ.

ಕೂಸಪ್ಪ ಜಗಲಿಯ ಕುರ್ಚಿಯಲ್ಲಿ ಮೆಲ್ಲಗೆ ಕುಳಿತು, ಕೈಚೀಲವನ್ನು ಕಾಲ ಬುಡದಲ್ಲಿ ಇಟ್ಟರು. ಮೋಕ್ಷಿತಾ ಪ್ಲೇಟು ಚಾಚಿದಳು. ಅವರು ಪ್ಲೇಟನ್ನು ತಿರುಗಿಸಿ ನೋಡಿದರು, ಮೂಸಿದರು, ಪಕ್ಕಕ್ಕೆ ಇಟ್ಟರು.

ಮೋಕ್ಷಿತಾ: ತಿನ್ನಿ ಕೂಸಪ್ಪಣ್ಣ.

ಕೂಸಪ್ಪ: ನಾನು ಇದನ್ನು ತಿನ್ನುವುದಿಲ್ಲ ಮಗಾ. ಗ್ಯಾಸ್ ಆಗ್ತದೆ.

ಮೋಕ್ಷಿತಾ: ಸ್ವಲ್ಪ ತಿಂದರೆ ಏನೂ ಆಗುವುದಿಲ್ಲ.

ಕೂಸಪ್ಪ: ಗಾಡಿ ಇಟ್ಟ ದಿನದಿಂದ ತಿಂದವನಲ್ಲ. ನನಗೆ ಮನೆಯಿಂದ ಬುತ್ತಿಯಲ್ಲಿ ಗಂಜಿ ಬರ್ತಿತ್ತು.

ಮೋಕ್ಷಿತಾ ಪಕ್ಕಕ್ಕಿಟ್ಟ ಪ್ಲೇಟನ್ನು ನೋಡಿದಳು.

ಮೋಕ್ಷಿತಾ: ಹಾಗಾದರೆ ಸರಿಯಾಗಿದೆ ಅಂತ ನಿಮಗೆ ಹೇಗೆ ಗೊತ್ತಾಗ್ತಿತ್ತು?

ಕೂಸಪ್ಪ: ತಿನ್ನುವವರ ಮುಖ ನೋಡಿ. ಮುಖ ನೋಡಿ ಗೊತ್ತಾಗದೇ ಇದ್ದದ್ದನ್ನು ಗುರುವಾರದ ಅಮ್ಮ ಬಾಯಲ್ಲೇ ಹೇಳ್ತಿದ್ದರು.

ಮೋಕ್ಷಿತಾ: ಯಾರು?

ಕೂಸಪ್ಪ: ಹೆಸರು ಗೊತ್ತಿಲ್ಲ. ಗುರುವಾರ ಭಜನೆ ಮುಗಿಸಿ ಬರುವವರು. ಒಪ್ಪೊತ್ತಿನವರು, ರಾತ್ರಿಗೆ ಅನ್ನ ಆಗುವುದಿಲ್ಲ. ಗೋಬಿಯಲ್ಲಿ ಅನ್ನ ಇಲ್ಲ ಅಲ್ವಾ, ಅದು ಆಗ್ತದೆ. ಆದರೆ ನೀರುಳ್ಳಿ, ಬೆಳ್ಳುಳ್ಳಿ ಆಗುವುದಿಲ್ಲ. ಅವರಿಗೆ ಬೇರೆಯೇ ಮಾಡಬೇಕು.

ಕೂಸಪ್ಪ ಚೀಲಕ್ಕೆ ಕೈ ಹಾಕಿದರು.

ಕೂಸಪ್ಪ: ಬೆಳ್ಳುಳ್ಳಿ ತಾಗಿದ ಬಾಣಲೆಯೂ ಆಗುವುದಿಲ್ಲ ಅಂತ ಹೇಳಿ ಅವರೇ ತಂದುಕೊಟ್ಟದ್ದು ಇದು. ಗಾಡಿ ತೆಗೆದುಕೊಳ್ಳುವವರು ಇದನ್ನೂ ತೆಗೆದುಕೊಳ್ಳಬೇಕು. ಅವರು ಬಂದು ಕೇಳಿದರೆ ಇಲ್ಲ ಅನ್ನಬಾರದು.

ಅದೊಂದು ಸಣ್ಣ ಬಾಣಲೆ. ಅದರ ಒಂದು ಬದಿಯ ಹಿಡಿ ಸೊಟ್ಟ. ಆ ಹಿಡಿಯನ್ನು ಸೊಟ್ಟ ಮಾಡಿದ್ದು ಮೋಕ್ಷಿತಾಳೇ, ಸಣ್ಣವಳಿದ್ದಾಗ ಬಾವಿಯ ಕಟ್ಟೆಯಿಂದ ಬೀಳಿಸಿ. ಅವಳು ಬಾಣಲೆಯನ್ನು ಎರಡೂ ಬದಿ ತಿರುಗಿಸಿ ನೋಡಿದಳು. ಅವಳಿಗೆ ಗಟ್ಟಿಯಾಗಿ ಕರೆಯುವ ಅಭ್ಯಾಸ ಇರಲಿಲ್ಲ. ಆದರೂ ಕರೆದಳು.

ಮೋಕ್ಷಿತಾ: ಅಜ್ಜಿ, ಗುಜರಿಯವರು ಬಂದಿದ್ದಾರೆ.

ಸ್ವಲ್ಪ ಹೊತ್ತಿನ ಮೇಲೆ ಅಜ್ಜಿ ಮನೆಯ ಪಕ್ಕದಿಂದ ಸುತ್ತಿ ಬಂದು ಅಂಗಳದಲ್ಲಿ ನಿಂತರು. ಕೈಯಲ್ಲಿ ಬಟ್ಟೆ ಇರಲಿಲ್ಲ.

ಕೂಸಪ್ಪ: ಓ ಅಮ್ಮ, ನಿಮ್ಮ ಮನೆಯಾ ಇದು? ಹಾಗಾದರೆ ನನ್ನನ್ನು ಯಾಕೆ ಬಸ್ಸಿನಲ್ಲಿ ಕರೆಸಿದ್ದು? ರುಚಿ ನೀವೇ ಹೇಳಬಹುದಿತ್ತಲ್ಲ.

ಅಜ್ಜಿ: ಮಂಡಿ ಹೇಗುಂಟು?

ಕೂಸಪ್ಪ: ಹಾಗೇ ಉಂಟು. ನಿಮ್ಮದು?

ಅಜ್ಜಿ: ಹಾಗೇ.

ಮೋಕ್ಷಿತಾ: ಅಜ್ಜಿ, ಗುರುವಾರ ನಿಮ್ಮ ಬೆರಳಿನಲ್ಲಿ ಇರ್ತಿದ್ದ ಕೆಂಪು ಭಜನಾ ಮಂದಿರದ ಕುಂಕುಮ ಅಂತ ಹೇಳಿದ್ದಿರಿ.

ಅಜ್ಜಿ: ಕುಂಕುಮವೂ ಇತ್ತು.

ಮೋಕ್ಷಿತಾ: ಬೀದಿಯ ಕಸ ಅಂತ ಹೇಳಿದಿರಿ.

ಅಜ್ಜಿ: ನೀವೆಲ್ಲ ತಿನ್ನುವುದು ಕಸ. ನನ್ನದನ್ನು ತೊಳೆದ ಬಾಣಲೆಯಲ್ಲಿ ಮಾಡ್ತಿದ್ದರು.

ಕೂಸಪ್ಪ ತಲೆಯಾಡಿಸಿದರು. ಆ ಮೇಲೆ ಎರಡೂ ಕೈ ಮಂಡಿಯ ಮೇಲೆ ಊರಿ ನ್ಯಾಯ ಹೇಳಿದರು.

ಕೂಸಪ್ಪ: ನೋಡು ಮಗಾ, ನಿನ್ನದು ಮೂಸುವಾಗ ನನ್ನ ಗಾಡಿಯ ಹಾಗೆಯೇ ಉಂಟು. ಆದರೆ ಮೂಗನ್ನು ನಂಬಿ ನಾನು ಗಾಡಿ ಕೊಡುವುದಿಲ್ಲ. ಅಮ್ಮ ತಿಂದು ಹೇಳಲಿ.

ಅಜ್ಜಿ: ನನಗೆ ಇವತ್ತು ಗುರುವಾರ.

ಮೋಕ್ಷಿತಾ: ಗೊತ್ತುಂಟು.

ಅವಳು ಒಳಗೆ ಹೋಗಿ ಸಣ್ಣ ಬಾಣಲೆಯನ್ನು ತಿಕ್ಕಿ ತೊಳೆದು ಒಲೆಗಿಟ್ಟಳು. ತೆಗೆದಿಟ್ಟಿದ್ದ ಪಾಲನ್ನು ಶುಂಠಿ, ಹಸಿಮೆಣಸು, ಸಾಸು ಹಾಕಿ ಮಗುಚಿದಳು. ಸಾಸು ಸ್ವಲ್ಪ ಒಲೆಗೆ ಚೆಲ್ಲಿತು. ಅದನ್ನು ಒರೆಸಿಯೇ ಹೊರಗೆ ಬಂದಳು. ಅಜ್ಜಿ ಜಗಲಿಯಲ್ಲಿ ಕುಳಿತು ಪ್ಲೇಟು ತೆಗೆದುಕೊಂಡರು.

ಅಜ್ಜಿ: ಕಡ್ಡಿ ಎಲ್ಲಿ?

ಮೋಕ್ಷಿತಾ ತೆಂಗಿನ ಗರಿಯ ಕಡ್ಡಿ ಮುರಿದು ತಂದಳು. ಅಜ್ಜಿ ಅಂಚಿನ ಸಣ್ಣ ತುಂಡನ್ನು ಚುಚ್ಚಿದರು, ಸಾಸಿನಲ್ಲಿ ಒಂದು ಸುತ್ತು ಉರುಳಿಸಿದರು, ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಎರಡನೆಯದು. ಮೂರನೆಯದು. ಪ್ಲೇಟು ಅರ್ಧವಾದಾಗ ಅಜ್ಜಿ ಕಣ್ಣು ತೆರೆದರು.

ಅಜ್ಜಿ: ಉಪ್ಪು ಸ್ವಲ್ಪ ಕಮ್ಮಿ.

ಮೋಕ್ಷಿತಾ ನೆಲ ನೋಡಿದಳು. ನೆಲದಲ್ಲಿ ಹೊಲಿಗೆಯ ಯಂತ್ರ ಕಂಡಿತು, ಅದರಾಚೆ ಕೈ ಎತ್ತಿ ನಿಂತ ಗುರುತಿಲ್ಲದ ಹೆಂಗಸರ ಸಾಲು ಕಂಡಿತು. ಕೂಸಪ್ಪ ಕಿಸೆಯಿಂದ ಗಾಡಿಯ ಬೀಗದ ಕೈ ತೆಗೆದು ಅವಳ ಮುಂದೆ ಹಿಡಿದರು.

ಮೋಕ್ಷಿತಾ: ಉಪ್ಪು ಕಮ್ಮಿ ಅಂತ ಹೇಳಿದರಲ್ಲ.

ಕೂಸಪ್ಪ: ಪ್ರತಿ ಗುರುವಾರ ಅದನ್ನೇ ಹೇಳ್ತಿದ್ದರು. ನಾನು ಒಂದು ಸಲ ಜಾಸ್ತಿ ಹಾಕಿ ಕೊಟ್ಟೆ. ಆವತ್ತು ಪ್ಲೇಟನ್ನು ಅರ್ಧಕ್ಕೆ ಇಟ್ಟು, ಇವತ್ತು ರುಚಿಯೇ ಬೇರೆ ಅಂತ ಹೇಳಿ ಹೋದರು. ಆ ಮೇಲೆ ನಾನು ಉಪ್ಪಿಗೆ ಕೈ ಹಾಕಲಿಲ್ಲ. ನೀನೂ ಹಾಕಬೇಡ.

ಅಜ್ಜಿ ಪ್ಲೇಟಿನ ತಳದ ಸಾಸನ್ನು ಬೆರಳಿನಿಂದ ಒರೆಸುತ್ತಿದ್ದರು. ಬೆರಳು ಕೆಂಪಾಗಿತ್ತು. ಅದನ್ನು ಬೆಳಕಿಗೆ ಹಿಡಿದು ನೋಡಿ, ಪರವಾಗಿಲ್ಲ ಎಂಬಂತೆ ಮಡಚಿಕೊಂಡರು.

ಮೋಕ್ಷಿತಾ: ಅಮ್ಮನಿಗೆ ಏನು ಹೇಳುವುದು?

ಅಜ್ಜಿ: ಕೂಸಪ್ಪಣ್ಣ ಒಪ್ಪಿದರು ಅಂತ ಹೇಳು. ಸುಳ್ಳಲ್ಲ.

ಮೋಕ್ಷಿತಾ: ಬಾಣಲೆಯ ವಿಷಯ?

ಅಜ್ಜಿ: ಗುಜರಿಯವ ಒಳ್ಳೆಯವ. ವಾಪಸು ಕೊಟ್ಟ.

ಕೂಸಪ್ಪ: ಅಮ್ಮ, ಭಜನೆಗೆ ಇನ್ನು ಬರ್ತೀರಾ?

ಅಜ್ಜಿ: ಮುಂದಿನ ಗುರುವಾರದಿಂದ ಬರಬಹುದು. ಮಂಡಿ ಈಗ ಸ್ವಲ್ಪ ಅಡ್ಡಿಯಿಲ್ಲ. ನೀನು ಏನು ಮಾಡ್ತಿ ಮಗಾ, ಹಾಗೇ ನಿಂತಿದ್ದಿ?

ಮೋಕ್ಷಿತಾ: ನಾಳೆ ಬೆಳಿಗ್ಗೆ ಗುರುವಾಯನಕೆರೆಗೆ ಹೋಗಿ ಗಾಡಿ ತೊಳೀತೇನೆ. ಮತ್ತೆ ಬೋರ್ಡು ಬರೀತೇನೆ, ನಿಧಾನಕ್ಕೆ, ಎಲ್ಲರಿಗೂ ಓದಲಿಕ್ಕೆ ಆಗುವ ಹಾಗೆ. ಹಾಫ್, ಫುಲ್, ಗುರುವಾರ.