ನಾಲ್ವರು ಅಂದಾನೆಪ್ಪರನ್ನು ನುಂಗಿದ ಡಬ್ಬಿ

"ಮೆಮೊರಿ ತೊಂಬತ್ನಾಲ್ಕು ಪರ್ಸೆಂಟ್ ತುಂಬೈತಿ. ಈಗ ಎಷ್ಟಕ್ಕ ಇಳೀತೈತಿ ನೋಡು," ಎಂದು ವಿರೂಪಾಕ್ಷ ಕಂಪ್ಯೂಟರಿನ ಪರದೆಯ ಮೇಲೆ ಬೆರಳಿಟ್ಟ.

ಹೆಂಡತಿ ಸುವರ್ಣಾಳಿಗೆ ಆ ಬೆರಳನ್ನೇ ಮುರಿಯಬೇಕೆನಿಸಿತು. ಬೆಟಗೇರಿಯ ಮನೆಯ ಪಡಸಾಲೆಯಲ್ಲಿ ಕುಳಿತು ಮದುವೆ ಕಾರ್ಡು ಟೈಪ್ ಮಾಡಿ ಪ್ರೆಸ್ಸಿಗೆ ಕೊಡುವುದು ಅವಳ ಕೆಲಸ. ಮೂರು ದಿನದಿಂದ ಹುರಕಡ್ಲಿ ಮನೆತನದ ಕಾರ್ಡು ನಡೆದಿತ್ತು. ಆರು ವರ್ಷದ ಹಿಂದೆ ಆ ಮನೆಯ ಮದುವೆಯೊಂದರಲ್ಲಿ, ಬೇರೆ ಯಾರೋ ಮಾಡಿದ ಕಾರ್ಡಿನಲ್ಲಿ ಅಣ್ಣನ ಮಗನ ಹೆಸರು ಬಿಟ್ಟುಹೋಗಿ, ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡುವುದನ್ನೇ ನಿಲ್ಲಿಸಿದ್ದರು. ಈ ಮದುವೆಯಲ್ಲಿ ಎಲ್ಲರೂ ಒಂದಾಗುವವರಿದ್ದರು. ನೂರಾ ಹನ್ನೆರಡು ಹೆಸರು, ಒಂದೂ ತಪ್ಪುವಂತಿರಲಿಲ್ಲ. ಹನ್ನೊಂದು ಗಂಟೆಗೆ ವರನ ತಂದೆ ಸಿದ್ದಪ್ಪನವರು ಓದಿ ಒಪ್ಪಿದರೆ ಆ ಮನೆತನದ ಕಾರ್ಡುಗಳೆಲ್ಲ ಇನ್ನು ಸುವರ್ಣಾಳವೇ. ತಪ್ಪು ಸಿಕ್ಕರೆ ಅವಳನ್ನು ಯಾವ ಪ್ರೆಸ್ಸಿನವರೂ ಕರೆಯುವುದಿಲ್ಲ.

ಕಂಪ್ಯೂಟರೋ, ಒಂದು ಅಕ್ಷರ ಒತ್ತಿದರೆ ಅದು ಮೂಡುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕುತ್ತಿತ್ತು. ಹೊಸ ರ‍್ಯಾಮ್ ತಂದು ಹಾಕಿಸಿ ಎಂದು ಅವಳು ಎರಡು ತಿಂಗಳಿಂದ ಬಡಕೊಳ್ಳುತ್ತಿದ್ದಳು. ಆದರೆ ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ಸಹಾಯಕನಾದ ಗಂಡನಿಗೆ ಅಂಗಡಿಯಿಂದ ತರುವುದೆಂದರೆ ಅವಮಾನ. ಅವನು ಸ್ಟೀಲ್ ಡಬ್ಬಿಯೊಂದರಲ್ಲಿ ತಂತಿ, ಬ್ಯಾಟರಿ ತುಂಬಿ ತಾನೇ ಯಂತ್ರ ಕಟ್ಟಿ ಕಂಪ್ಯೂಟರಿಗೆ ಜೋಡಿಸಿದ್ದ. ಡಬ್ಬಿಯೂ ಅವಳದೇ, ಹೇಳದೆ ಕೇಳದೆ ಎತ್ತಿಕೊಂಡದ್ದು.

"ಮೆಮೊರಿ ಯಾಕ ತುಂಬತೈತಿ ಹೇಳು? ಒಂದ ಸಾಮಾನು ಹತ್ತ ಕಡೆ ಕುಂತಿರತೈತಿ. ನನ್ನ ಯಂತ್ರ ಮೊದಲನೇದು ಇಟ್ಟು ಉಳಿದದ್ದೆಲ್ಲಾ ತಗದ ಒಗೀತೈತಿ."

"ನನ್ನ ಕಾರ್ಡಿಗೆ ಕೈ ಹಚ್ಚಬ್ಯಾಡ್ರಿ."

"ಹಚ್ಚೂದಿಲ್ಲ ಬಿಡು," ಎಂದವನೇ ಗುಂಡಿ ಒತ್ತಿದ.

ತೊಂಬತ್ನಾಲ್ಕು ಇದ್ದದ್ದು ಸರಸರನೆ ಇಳಿದು ಒಂಬತ್ತಕ್ಕೆ ನಿಂತಿತು. ವಿರೂಪಾಕ್ಷ ಮೀಸೆ ತಿರುವಿದ. ಸುವರ್ಣಾ ಕಾರ್ಡು ತೆರೆದಳು. ಕಣ್ಣು ಮಿಟುಕಿಸುವುದರೊಳಗೆ ತೆರೆದುಕೊಂಡಿತು. ಓದಿದವಳಿಗೆ ಮೈಯೆಲ್ಲ ಉರಿದುಹೋಯಿತು.

ಹುರಕಡ್ಲಿಯವರ ಹಿರಿಯರು, ತೀರಿಕೊಂಡ ಅಂದಾನೆಪ್ಪನವರು. ಅವರ ನಾಲ್ವರು ಗಂಡುಮಕ್ಕಳೂ ಭಕ್ತಿಯಿಂದ ತಂತಮ್ಮ ಮಗನಿಗೆ ಅಪ್ಪನ ಹೆಸರನ್ನೇ ಇಟ್ಟಿದ್ದರು. ಅಲ್ಲಿಗೆ ಕಾರ್ಡಿನಲ್ಲಿ ಐದು ಅಂದಾನೆಪ್ಪರು. ಈಗ ಉಳಿದಿದ್ದವರು ಮೇಲ್ಗಡೆ ಆಶೀರ್ವಾದದ ಸಾಲಿನಲ್ಲಿದ್ದ ಹಿರಿಯರೊಬ್ಬರೇ. ಕಿರಿಯ ಅಂದಾನೆಪ್ಪರು ನಾಲ್ವರೂ ಮಾಯ. ಅವರಲ್ಲಿ ಒಬ್ಬ ಮದುಮಗ.

ಅವಳು ಹಲ್ಲು ಕಚ್ಚಿಕೊಂಡು ಆ ಹೆಸರನ್ನು ಮತ್ತೆ ಟೈಪ್ ಮಾಡಿದಳು. ಮೂಡಿತು, ಮರೆಯಾಯಿತು. ಇನ್ನೊಮ್ಮೆ ಮಾಡಿದಳು. ಅದೂ ಹೋಯಿತು. ಅಷ್ಟರಲ್ಲಿ ಕೈ ಹಗುರಾದಂತಾಗಿ ನೋಡಿಕೊಂಡರೆ, ಎರಡೂ ಕೈ ಸೇರಿ ಹನ್ನೆರಡಿದ್ದ ಹಸಿರು ಬಳೆಗಳಲ್ಲಿ ಒಂದೇ ಉಳಿದಿತ್ತು. ಡಬ್ಬಿ ಕಂಪ್ಯೂಟರ್ ಮುಗಿಸಿ ಮನೆಗೆ ಕೈ ಹಾಕಿತ್ತು. ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಲೋಟ, ಒಂದು ತಾಟು, ಒಂದು ಚಮಚ. ವಿರೂಪಾಕ್ಷ ಗಾಬರಿಯಾಗಿ ಗುಂಡಿ ಒತ್ತಿದ. ಯಂತ್ರ ನಿಲ್ಲಲಿಲ್ಲ. ತಂತಿ ಕಿತ್ತ. ಒಳಗಿನ ಬ್ಯಾಟರಿಯ ಮೇಲೆ ಅದು ಇನ್ನಷ್ಟು ಹುರುಪಿನಿಂದ ಗುಂಯ್‌ಗುಟ್ಟಿತು.

ಆ ಹೊತ್ತಿಗೆ ಸರಿಯಾಗಿ ಸಿದ್ದಪ್ಪನವರು ಬಂದರು. ಹೊಸ್ತಿಲಾಚೆ ಚಪ್ಪಲಿ ಬಿಟ್ಟರು. ಎರಡು ಬಿಟ್ಟದ್ದು ತಿರುಗಿ ನೋಡುವಷ್ಟರಲ್ಲಿ ಒಂದಾಗಿತ್ತು. ಆ ಆಶ್ಚರ್ಯ ನುಂಗಿಕೊಂಡು ಒಳಗೆ ಬಂದು, ಕನ್ನಡಕ ಏರಿಸಿ ಕಾರ್ಡು ಓದಿದರು.

"ಏನವಾ ಇದು? ಇದರಾಗ ಕನ್ಯಾ ಅದಾಳ. ಗಂಡಿನ ಹೆಸರಿನ ಜಾಗಾ ಖಾಲಿ. ಉಳಿದ ಅಂದಾನೆಪ್ಪ ಅಂದ್ರ ತೀರಿಹೋದ ನಮ್ಮಪ್ಪ ಒಬ್ಬನ. ಅವಗ ಮದುವಿ ಮಾಡಾಕ ಹೊಂಟೀಯೇನು?"

ಸುವರ್ಣಾ ಗಂಡನ ಕಡೆಗೆ ತಿರುಗಿದಳು. 'ನಿಮ್ಮನ್ನ ಕಟ್ಟಿಕೊಂಡು ನಾ ಏನ್ ಸುಖಾ ಕಂಡೆ' ಎನ್ನಲು ಬಾಯಿ ತೆರೆದಳು, ಸದ್ದೇ ಹೊರಡಲಿಲ್ಲ. 'ನಮ್ಮಪ್ಪ ಕಣ್ಣು ಮುಚ್ಚಿ ಕೊಟ್ಟ' ಎನ್ನಲು ನೋಡಿದಳು, ಅದೂ ಬರಲಿಲ್ಲ. ಇಪ್ಪತ್ತೆರಡು ವರ್ಷದಿಂದ ದಿನಾ ಆಡಿದ ಮಾತುಗಳು. ಯಂತ್ರ ಅವನ್ನೂ ಬಿಟ್ಟಿರಲಿಲ್ಲ. ಸಿಟ್ಟು ಗಂಟಲ ತನಕ ಬಂದು ಅಲ್ಲೇ ಕುದಿಯಿತು. ವಿರೂಪಾಕ್ಷನ ಗತಿಯೂ ಅದೇ. 'ಸಣ್ಣ ದೋಷ, ಈಗ ಸರಿ ಮಾಡತೀನಿ' ಎಂಬ ಅವನ ಮಾಮೂಲಿ ಮಾತಿಗೆ ತುಟಿ ಮಾತ್ರ ಅಲುಗಿತು.

ಬಾಯಿಂದ ಹೋಗಲಾರದ ಸಿಟ್ಟು ಕೈಗೆ ಇಳಿಯಿತು. ಅವಳು ಅಡುಗೆಮನೆಗೆ ಹೋಗಿ ಒಳಕಲ್ಲಿನ ಗುಂಡು ಎತ್ತಿಕೊಂಡು ಬಂದಳು. ವಿರೂಪಾಕ್ಷ ಡಬ್ಬಿಗೆ ಅಡ್ಡ ನಿಂತ. ಎಂಟು ತಿಂಗಳ ದುಡಿಮೆ. ಏನಾದರೂ ಹೇಳಿ ಉಳಿಸಿಕೊಳ್ಳಬೇಕು. ಒಂದೊಂದಾಗಿ ಮಾತು ಹುಡುಕಿದ. ಎಲ್ಲವೂ ಹಿಂದೆ ಆಡಿದವೇ. ಕಡೆಗೂ ಒಂದು ಬಂತು.

"ತಪ್ಪಾತು."

ಸುವರ್ಣಾಳ ಕೈ ನಿಂತಿತು. ಆ ಮಾತು ಈ ಮನೆಯಲ್ಲಿ ಒಮ್ಮೆಯೂ ಹುಟ್ಟಿರಲಿಲ್ಲ, ಹಾಗಾಗಿ ಯಂತ್ರಕ್ಕೆ ತೆಗೆಯಲು ಏನೂ ಸಿಕ್ಕಿರಲಿಲ್ಲ. ಅವಳ ಕಣ್ಣು ತುಂಬಿತು. ಅದೂ ಸಿಟ್ಟಿಗೇ. ಇಷ್ಟು ಸಣ್ಣ ಮಾತಿಗೆ ಇಷ್ಟು ವರ್ಷ ಬೇಕಾಯಿತೇ?

"ಇನ್ನೊಮ್ಮೆ ಅನ್ರಿ."

ಅವನು ಬಾಯಿ ತೆರೆದ, ಮುಚ್ಚಿದ. ಎರಡನೆಯ ಸಲದ್ದನ್ನು ಡಬ್ಬಿ ತೆಗೆದುಬಿಟ್ಟಿತ್ತು. ಸುವರ್ಣಾ ಅವನನ್ನು ಪಕ್ಕಕ್ಕೆ ತಳ್ಳಿ ಗುಂಡು ಎತ್ತಿ ಹಾಕಿದಳು.

ಬಳೆಗಳು ಝಣ್ಣೆಂದು ಕೈಗೆ ಮರಳಿದವು. ತಾಟು ಲೋಟಗಳು ಕಟ್ಟೆಯಿಂದ ಉರುಳಿದವು. ಪರದೆಯ ಮೇಲೆ ನಾಲ್ವರು ಅಂದಾನೆಪ್ಪರು ತಂತಮ್ಮ ಜಾಗದಲ್ಲಿ ಬಂದು ಕುಳಿತರು. ಗಂಟಲಲ್ಲಿ ನಿಂತಿದ್ದ ಬೈಗುಳವೂ ಒಂದೇ ಉಸಿರಿಗೆ ಹೊರಬಿತ್ತು. ಸಿದ್ದಪ್ಪನವರು ಆ ಗದ್ದಲದಲ್ಲೇ ನೂರಾ ಹನ್ನೆರಡು ಹೆಸರನ್ನೂ ಬೆರಳಿಟ್ಟು ಓದಿದರು, ಒಂದೂ ತಪ್ಪಿಲ್ಲ ಎಂದರು, ಎರಡೂ ಚಪ್ಪಲಿ ಮೆಟ್ಟಿಕೊಂಡು ಬೇಗ ಬೇಗ ಹೊರಟುಹೋದರು.

ಸುವರ್ಣಾ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಈಗ ಡಬ್ಬಿ ಒಡದೈತಿ. ಯಾರೂ ನಿಮ್ಮ ಬಾಯಿ ಹಿಡಿದಿಲ್ಲ. ಅನ್ರಿ ಮತ್ತ."

ವಿರೂಪಾಕ್ಷ ತಲೆ ಎತ್ತದೆ ನೆಲದ ಮೇಲಿನ ತಂತಿ ಆರಿಸುತ್ತಾ ಹೇಳಿದ:

"ಒಮ್ಮೆ ಅಂದೀನಲ್ಲ."