ಸೂಜಿ ಇಲ್ಲದ ಸೊಂಟದ ಡಾಕ್ಟರು

ಸೊಂಟನೋವಿಗೆ ವ್ಯಾಯಾಮ ಹೇಳಿಕೊಡುವ ಕೆಲಸದಲ್ಲಿ ತಮಾಷೆಯ ಪ್ರಸಂಗಗಳು ತಪ್ಪಿದ್ದಲ್ಲ. ನೋವು ಬಂದವರ ಪಾಲಿಗೆ, ಪ್ರಸಂಗ ನನ್ನ ಪಾಲಿಗೆ.

ಅರವತ್ತರ ದಶಕದಲ್ಲಿ ನನ್ನನ್ನು ಶಿಡ್ಲಘಟ್ಟದ ಕಡೆಯ ಒಂದು ಸಣ್ಣ ಆಸ್ಪತ್ರೆಗೆ ಹಾಕಿದರು. ಒಂದು ಕೋಣೆ, ಒಂದು ಚಾಪೆ, ನಾನು. ಅಷ್ಟೇ ನನ್ನ ವಿಭಾಗ. ನಾನು ಡಾಕ್ಟರಲ್ಲ ಅಂದರೆ ಜನ ಕೇಳುತ್ತಿರಲಿಲ್ಲ. ಸೂಜಿ ಚುಚ್ಚುವುದಿಲ್ಲ, ಮಾತ್ರೆಯನ್ನೂ ಕೊಡುವುದಿಲ್ಲ ಅಂತ ಗೊತ್ತಾದಾಗ ಮಾತ್ರ ಮೂಗು ಮುರಿಯುತ್ತಿದ್ದರು.

ಹುದ್ದೆಯೂ ತಾತ್ಕಾಲಿಕ. "ಯುಗಾದಿ ಕಳೆದ ಮೇಲೆ ಬೆಂಗಳೂರಿಂದ ದೊಡ್ಡ ಡಾಕ್ಟರು ನೋಡೋಕೆ ಬರ್ತಾರೆ. ಬಗ್ಗಿದವರನ್ನ ನೆಟ್ಟಗೆ ನಿಲ್ಲಿಸಿ ತೋರಿಸಿದ್ರೆ ಇರ್ತೀರಿ, ಇಲ್ದಿದ್ರೆ ಚಾಪೆ ಸುತ್ಕೊಂಡು ಹೊರಡ್ತೀರಿ" ಅಂತ ನಮ್ಮ ಆಸ್ಪತ್ರೆಯ ಡಾಕ್ಟರು ಮೊದಲ ದಿನವೇ ಹೇಳಿಬಿಟ್ಟರು. ನನಗೋ ಆಗಷ್ಟೇ ಮದುವೆ ಗೊತ್ತಾಗಿತ್ತು. ಕೆಲಸವಿಲ್ಲದ ಅಳಿಯನಿಗೆ ಯಾವ ಮಾವ ಹೆಣ್ಣು ಕೊಟ್ಟಾನು ಅಂತ ಒಳಗೊಳಗೇ ಪುಕಪುಕ.

ಬದಲಿ ಸೊಂಟ

ಜಂಗಮಕೋಟೆ ಕಡೆಯ ಗೌಡರೊಬ್ಬರು ಸೊಂಟ ಹಿಡಿದುಕೊಂಡು ಗಾಡಿಯಿಂದ ಇಳಿದರು. ಅಂಗಾತ ಮಲಗಿ, ಮಂಡಿ ಮಡಚಿ, ಎದೆಯ ಹತ್ತಿರ ತರುವುದನ್ನು ತೋರಿಸಿಕೊಟ್ಟೆ. ಬೆಳಿಗ್ಗೆ ಸಂಜೆ ತಪ್ಪಿಸಬೇಡಿ ಅಂದೆ.

ಮುಂದಿನ ವಾರ ಮತ್ತೆ ಬಂದರು, ಹಾಗೇ ಬಗ್ಗಿಕೊಂಡು. ಜೊತೆಗೆ ಅವರ ಮನೆಯ ಆಳು.

"ವ್ಯಾಯಾಮ ಮಾಡಿದ್ರಾ ಗೌಡ್ರೆ?"

"ಒಂದು ದಿನಾನೂ ತಪ್ಪಿಲ್ಲ. ಏಯ್, ತೋರ್ಸೋ."

ಆಳು ಚಾಪೆಯ ಮೇಲೆ ಮಲಗಿ ಅಚ್ಚುಕಟ್ಟಾಗಿ ಮಾಡಿ ತೋರಿಸಿದ.

"ನೋವಿರೋದು ನಿಮಗಲ್ವಾ?" ಅಂದೆ.

ಗೌಡರಿಗೆ ಬೇಸರವಾಯಿತು. "ಅಲ್ಲಪ್ಪಾ, ಹೋದ ವರ್ಷ ನಾನು ಹೊತ್ತ ಹರಕೆಗೆ ನನ್ನ ತಮ್ಮ ಉರುಳುಸೇವೆ ಮಾಡ್ದ. ದೇವರೇ ಒಪ್ಕೊಂಡ. ನೀವು ಒಪ್ಪಲ್ಲ ಅಂದ್ರೆ ಹೆಂಗೆ?"

ಹಗಲು ಮಲಗುವ ಮದ್ದು

ಹೆಂಗಸರನ್ನು ಮುಟ್ಟಿ ಹೇಳಿಕೊಡುವ ಕಾಲ ಅದಲ್ಲ. ರೇಷ್ಮೆ ಹುಳ ಸಾಕುವ ಮನೆಯ ಸೊಸೆಯೊಬ್ಬಳು ಅತ್ತೆಯ ಜೊತೆ ಬಂದಾಗ ನಾನೇ ಚಾಪೆಯ ಮೇಲೆ ಮಲಗಿ, ಸೊಂಟ ಎತ್ತಿ ಇಳಿಸಿ ತೋರಿಸಿದೆ. ಬಗ್ಗಿ ಬಗ್ಗಿ ಸೊಪ್ಪು ಹಾಕಿ ಆ ಹುಡುಗಿಯ ಸೊಂಟ ಸೋತಿತ್ತು.

ಸ್ವಲ್ಪ ದಿನಕ್ಕೆ ಅತ್ತೆ ಒಬ್ಬಳೇ ಬಂದಳು. ಮುಖ ಊದಿಸಿಕೊಂಡಿದ್ದಳು.

"ಏಮಪ್ಪಾ, ಅಲ್ಲಿ ಹುಳ ಸೊಪ್ಪು ಸೊಪ್ಪು ಅಂತ ಬಾಯಿ ಬಿಡ್ತಾವೆ, ಇಲ್ಲಿ ಸೊಸೆ ಮಟಮಟ ಮಧ್ಯಾಹ್ನ ಅಂಗಾತ ಮಲಗವ್ಳೆ! ಕೇಳಿದ್ರೆ ಡಾಕ್ಟ್ರ ಅಪ್ಪಣೆ ಅಂತಾಳೆ. ಬೀದಿಯೋರೆಲ್ಲಾ ಬಂದು ನೋಡ್ಕೊಂಡು ಹೋಗ್ತಾವ್ರೆ."

"ನೋವು ಹೇಗಿದೆಯಮ್ಮಾ?"

"ಅದು ಕಮ್ಮಿ ಆಗೈತೆ," ಅಂದಳು. ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಮಲಗೋದೇ ಮದ್ದು ಅಂತ ನಾನು ಸೊಸೆಯಾಗಿ ಬಂದಾಗ ಒಬ್ರೂ ಹೇಳ್ಲಿಲ್ವಲ್ಲಪ್ಪಾ! ನನಗೂ ಹೇಳ್ಕೊಡು. ಅವಳಿಗಿಂತ ಒಂದು ಗಳಿಗೆ ಜಾಸ್ತಿನೇ ಇರ್ಲಿ."

ನಾನೇ ರೋಗಿ

ಒಮ್ಮೆ ನಾನು ಬೋರಲು ಮಲಗಿ, ಎದೆ ಎತ್ತುವುದನ್ನು ಯಾರಿಗೋ ತೋರಿಸುತ್ತಿದ್ದೆ. ರೇಷ್ಮೆ ಗೂಡಿನಿಂದ ನೂಲು ತೆಗೆಸುವ ಕಸುಬಿನ ಸಾಹೇಬರೊಬ್ಬರು ಸೊಂಟ ಒತ್ತಿಕೊಂಡು ಒಳಗೆ ಬಂದರು. ನನ್ನನ್ನು ನೋಡಿ ಅವರ ಕಣ್ಣು ತುಂಬಿತು. ಪಕ್ಕದಲ್ಲಿ ಕೂತು, ಏನೋ ಪಠಿಸಿ, ನನ್ನ ಬೆನ್ನಿನ ಮೇಲೆ ಊದಿದರು.

"ಬೇಟಾ, ಡಾಕ್ಟ್ರು ಎಲ್ಲಿ?"

"ನಾನೇ ಸಾಹೇಬ್ರೆ."

"ಯಾ ಅಲ್ಲಾ!" ಅಂತ ಎದ್ದರು. "ನಿಮಗಿಂತ ನಾನೇ ವಾಸಿ. ಮೊದ್ಲು ನೀವು ಹುಷಾರಾಗಿ, ಆಮೇಲೆ ಬರ್ತೀನಿ."

ದೊಡ್ಡ ಡಾಕ್ಟರು ಬಂದ ದಿನ

ಅಂತೂ ಯುಗಾದಿ ಹೊತ್ತಿಗೆ ಎಲ್ಲರೂ ಹಾದಿಗೆ ಬಂದಿದ್ದರು. ಗೌಡರು ಸ್ವಂತ ಮಂಡಿಯನ್ನೇ ಮಡಚಿದರು. ಸಾಹೇಬರೂ ಮರಳಿ ಬಂದು ಕಲಿತರು. ಅತ್ತೆ ಸೊಸೆ ಜೋಡಿಯಾಗಿ ಮಲಗಿ ಏಳುತ್ತಿದ್ದರು. ನಾಲ್ವರೂ ನೆಟ್ಟಗಾದರು.

"ದೊಡ್ಡ ಡಾಕ್ಟರ ಮುಂದೆ ಬಂದು ನಿಲ್ಲಿ. ನನ್ನ ಕೆಲಸ ನಿಮ್ಮ ಕೈಲಿದೆ" ಅಂತ ಎಲ್ಲರಿಗೂ ಕೈಮುಗಿದು ಹೇಳಿದೆ.

ಬಂದರು. ಗೌಡರು ಕೋಲೂರಿಕೊಂಡು, ಸಾಹೇಬರು ಗೋಡೆ ಹಿಡಿದುಕೊಂಡು, ಅತ್ತೆ ಸೊಸೆ ಒಬ್ಬರ ಮೇಲೊಬ್ಬರು ಒರಗಿಕೊಂಡು. ನಾಲ್ವರೂ ಬಗ್ಗಿದ್ದರು!

"ವ್ಯಾಯಾಮದಿಂದ ಗುಣ ಆಯ್ತಾ?" ಅಂತ ದೊಡ್ಡ ಡಾಕ್ಟರು ಕೇಳಿದರು.

"ಎಲ್ಲಿ ಸ್ವಾಮಿ!" ಅಂತ ಗೌಡರು ನರಳಿದರು. "ಏನೋ, ಇವರು ಇರೋದಕ್ಕೆ ಜೀವ ಹಿಡ್ಕೊಂಡಿದೀವಿ."

ಗೌಡರನ್ನು ಮೂಲೆಗೆ ಎಳೆದು "ಏನಿದು ಅನ್ಯಾಯ?" ಅಂದೆ.

"ಸುಮ್ನಿರಪ್ಪಾ. ವಾಸಿಯಾಗಿದೆ ಅಂದ್ರೆ ಇಲ್ಲೇನು ಕೆಲಸ ಅಂತ ನಿಮ್ಮನ್ನ ಎತ್ತಂಗಡಿ ಮಾಡ್ತಾರೆ. ಅಧಿಕಾರಿ ಮುಂದೆ ಚೆನ್ನಾಗಿದೀನಿ ಅಂತ ಯಾವನಾದ್ರೂ ಹೇಳ್ತಾನಾ?"

ಸಿಟ್ಟು ಬಂತು. ಅದರ ಹಿಂದೆಯೇ ಅಳುವೂ ಬಂತು. ನನ್ನನ್ನು ಉಳಿಸಿಕೊಳ್ಳಲು ಇಷ್ಟು ಜನ ಬಗ್ಗಿದ್ದರಲ್ಲ! ಅಷ್ಟರಲ್ಲಿ ದೊಡ್ಡ ಡಾಕ್ಟರು "ಪ್ರಯೋಜನ ಇಲ್ಲ ಕಣ್ರೀ, ಮುಚ್ಚಿಬಿಡೋಣ" ಅಂತ ಹೇಳಿ ಜೀಪು ಹತ್ತಿದರು.

ಜೀಪು ಹೊರಡಲಿಲ್ಲ. ಡ್ರೈವರು ಎಷ್ಟು ಒದ್ದಾಡಿದರೂ ಕೆಮ್ಮಿ ಸುಮ್ಮನಾಯಿತು. ನಮ್ಮ ಕಡೆಯವರ ಮುಂದೆ ಗಾಡಿ ನಿಂತರೆ ಯಾರೂ ಕೈಕಟ್ಟಿ ನೋಡುವುದಿಲ್ಲ. ಗೌಡರು ಕೋಲು ಬಿಸಾಕಿದರು. ಸಾಹೇಬರು ಅಂಗಿಯ ತೋಳು ಮಡಚಿದರು. ಅತ್ತೆ ಸೆರಗು ಬಿಗಿದಳು, ಸೊಸೆಯೂ ಕೈ ಹಾಕಿದಳು. "ಐಸಾ!" ಅಂತ ಒಂದೇ ನೂಕಿಗೆ ಜೀಪು ಗುಡುಗಿತು.

ದೊಡ್ಡ ಡಾಕ್ಟರು ಕತ್ತು ಹೊರಹಾಕಿ ಹಿಂದೆ ನೋಡಿದರು. ನಾಲ್ಕು ಜನ ಕಂಬದ ಹಾಗೆ ನೆಟ್ಟಗೆ ನಿಂತು ಕೈ ಕೊಡವುತ್ತಿದ್ದರು. ಅವರು ನೋಡಿದ್ದೇ ತಡ, ನಾಲ್ವರೂ ಒಟ್ಟಿಗೇ ಸೊಂಟಕ್ಕೆ ಕೈ ಕೊಟ್ಟು "ಅಯ್ಯಯ್ಯೋ" ಅಂತ ಬಗ್ಗಿದರು.

ಜೀಪಿನಲ್ಲೇ ಕೂತು ದೊಡ್ಡ ಡಾಕ್ಟರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಚಾಪೆ ಹಾಸೇ ಇರ್ಲಿ ಕಣ್ರೀ" ಅಂತ ನನ್ನ ಕಡೆ ಕೂಗಿ ಹೊರಟುಹೋದರು. ಕೆಲಸ ಉಳಿಯಿತು.

ನನ್ನ ಮದುವೆ ಊಟದಲ್ಲಿ ಗೌಡರು ನಮ್ಮ ಮಾವನವರ ಪಕ್ಕದಲ್ಲಿ, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತು ಹೋಳಿಗೆ ಬಡಿಸಿಕೊಳ್ಳುತ್ತಾ ಹೇಳುತ್ತಿದ್ದರು: "ಅವತ್ತು ನಾವು ಬಗ್ಗಿದ್ದಕ್ಕೆ ಸರಿಹೋಯ್ತು ಸ್ವಾಮಿ. ಇಲ್ದಿದ್ರೆ ನಿಮ್ಮ ಅಳಿಯನ ಕೆಲಸ ಹೋಗಿರೋದು!"