ಕಾಕಾನ ಎರಡು ರೇಡಿಯೋ ಕಾರಖಾನೆ

ಒಬ್ಬನೇ ಕೂತು ಎರಡು ಕಾರಖಾನೆ ನಡೆಸಿದ ಮನುಷ್ಯ ಕುಂದಗೋಳದಲ್ಲಿ ಯಾರಾದರೂ ಇದ್ದರೆ ಅದು ನಮ್ಮ ಕಾಕಾ! ನಗಬೇಡಿ. ಖೋಲಿ ಒಂದೇ, ನಡುವೆ ಗೋಣಿತಾಟಿನ ಪರದೆ, ಓಣಿಗೆ ಎರಡು ಬಾಗಿಲು. ಎಡಕ್ಕೆ ಹೊಲದವರ ರೇಡಿಯೋ: ಬದುವಿನ ಮೇಲಿಟ್ಟರೆ ಹೊಲವೆಲ್ಲ ಕೇಳಬೇಕು. ಬಲಕ್ಕೆ ಸಂಗೀತದವರ ರೇಡಿಯೋ: ತಂಬೂರಿಯ ನಾದ ಸ್ವಚ್ಛ ಬರಬೇಕು. ಎಡಕ್ಕೆ ಕೂತಾಗ ತಲೆಗೆ ರುಮಾಲು, ಬಲಕ್ಕೆ ಕೂತಾಗ ಕರಿ ಟೊಪಗಿ. ಊರಿಗೆಲ್ಲ ಕೇಳಿಸಿದ ಈ ರೇಡಿಯೋಗಳು ಮನೆಯಲ್ಲಿ ಅವನ ಹೆಂಡತಿ ಕಾಕುವಿಗೆ ಮಾತ್ರ ಕೇಳದಾಗುತ್ತಿದ್ದವು. ಅವಳ ಕಿವಿ ವರ್ಷದಿಂದ ವರ್ಷಕ್ಕೆ ಮಂದವಾಗುತ್ತಿತ್ತು.

"ಇಬ್ಬರಿಗೂ ಒಂದ ಮಾಲು ಕೊಟ್ಟರ ಇಬ್ಬರೂ ಕೆಡತಾರ," ಅನ್ನುತ್ತಿದ್ದ ಕಾಕಾ. ಸರಿ. ಆದರೆ ಎಡಗಡೆ ತಂತಿ ತೀರಿದರೆ ಪರದೆ ಸರಿಸಿ ತಗೊಳ್ಳಬಾರದೇ? ಛೇ! ಓಣಿಗಿಳಿದು ಬಲಬಾಗಿಲಲ್ಲಿ ಗಿರಾಕಿಯಂತೆ ನಿಂತು ಕೇಳುತ್ತಿದ್ದ. ಆಮೇಲೆ ಒಳಗೆ ಹೋಗಿ, ಟೊಪಗಿ ಹಾಕ್ಕೊಂಡು, "ಇಲ್ರಿ, ನಮಗ ಸಾಲೂದಿಲ್ಲ" ಎಂದು ತನಗೆ ತಾನೇ ಹೇಳಿ ಬರಿಗೈಲಿ ವಾಪಸಾಗುತ್ತಿದ್ದ!

ಕಾಕುವಿಗೆ ಇನ್ನೂ ಅಷ್ಟಿಷ್ಟು ಕೇಳುತ್ತಿದ್ದಾಗಿನ ಮಾತು. ಚಹಾ ಒಂದೇ ಕಪ್ಪು ತಂದಿದ್ದಳು.

"ರುಮಾಲಿನಾಂವ ಕುಡದ. ಟೊಪಗ್ಯಾಂವ ಏನ್ ಪಾಪ ಮಾಡ್ಯಾನ?" ಅಂದ ಕಾಕಾ.

"ಟೊಪಗಿಯವರ ಹೇಣ್ತಿನ್ನ ಕೇಳ್ರಿ!" ಅಂದಳು ಕಾಕು.

ಆಮೇಲೆ ಅವಳಿಗೆ ಎದುರಿನ ಮಾತೂ ಕೇಳದಾಯಿತು. ಮನೆಯಲ್ಲಿ ಕೈಸನ್ನೆಯೇ ಮಾತು. "ಜೋರಾಗಿ ಮಾತಾಡು ಕಾಕಾ," ಎಂದೆ.

"ಹೇಣ್ತಿ ಮುಂದ ಒದರಿದರ ಬೈದಂಗ ಆಗತೈತೋ," ಎಂದ.

ಹೊಲದ ರೇಡಿಯೋ ಅವಳ ಕಿವಿಗೆ ಹಿಡಿದ. "ಬರೇ ಗೊರಗೊರ," ಅಂದಳು. ಸಂಗೀತದ್ದು ಹಿಡಿದ. ಕೇಳಲಿಲ್ಲವೆಂದು ತಲೆ ಅಲ್ಲಾಡಿಸಿದಳು. ಒಂದಕ್ಕೆ ಜೋರಿತ್ತು, ಇನ್ನೊಂದಕ್ಕೆ ಸ್ವಚ್ಛತೆ ಇತ್ತು. ನನಗೆ ಆ ಮನೆಗೆ ಹೋಗಲಿಕ್ಕೇ ಸಂಕಟವಾಗುತ್ತಿತ್ತು.

ಒಂದು ಮಧ್ಯಾಹ್ನ ಹೋದರೆ ಪರದೆ ನೆಲದ ಮೇಲೆ ಹಾಸಿತ್ತು. ಅದರ ಮೇಲೆ ಎರಡೂ ಕಾರಖಾನೆಯ ರೇಡಿಯೋ ಬಿಚ್ಚಿಟ್ಟು, ಎರಡರ ಸಾಮಾನು ಕೂಡಿಸಿ ಕಾಕಾ ಒಂದು ಡಬ್ಬಿ ಮಾಡಿದ್ದ. ಬರಿತಲೆಯಲ್ಲೇ ಕೂತಿದ್ದ. ಕಾಕುವಿನ ಕಿವಿಗೆ ಅದರ ತಂತಿ ಸಿಕ್ಕಿಸಿದ. ಹಾಡು ಹಚ್ಚುತ್ತಾನೆ ಅಂದುಕೊಂಡೆ. ಅವನು ಡಬ್ಬಿಯ ಸಣ್ಣ ಮೈಕು ತುಟಿಗೆ ಹಿಡಿದ. ಇಬ್ಬರ ಪಾಲಿನ ಮಾತಾಡುತ್ತಿದ್ದವನು ಮೆಲ್ಲಗೆ ಒಂದೇ ಮಾತು ಕೇಳಿದ:

"ಊಟಾ ಆತೇನ?"

ಕಾಕು ಸೆರಗು ಬಾಯಿಗೆ ಒತ್ತಿಕೊಂಡಳು. ಕಣ್ಣು ತುಂಬಿ ಹರಿದವು.

"ನೀವಿನ್ನೂ ಉಂಡಿಲ್ಲಲ್ರಿ," ಅಂದಳು, "ನಾ ಹೆಂಗ ಉಣ್ಣಲಿ?"